ನಾಲ್ಕು ಊರಿನ ಚೀಟಿಗಳು

ನಾನು ಅಂಜುಬುರುಕ ಅನ್ನೋದು ನಿಮಗೆ ಹೊಸ ಸುದ್ದಿಯಲ್ಲ. ಎರಡು ಸಲ ಸೀನಿದರೆ ನನಗೆ ಎಕ್ಸ್‌ರೇ ನೆನಪಾಗುತ್ತದೆ. ನನ್ನ ರಿಪೋರ್ಟುಗಳ ಫೈಲು ಮದುವೆ ಆಲ್ಬಮ್ಮಿಗಿಂತ ದಪ್ಪ. (ರೋಗ ಮಾತ್ರ ಇನ್ನೂ ಸಿಕ್ಕಿಲ್ಲ.)

ಹೋದ ವಾರ ಬನಹಟ್ಟಿಗೆ, ಅಕ್ಕನ ಮನೆಗೆ ಹೋಗಿದ್ದೆ. ಅವಳ ಮಗಳ ಕೂಸು, ಒಂದೂವರೆ ವರ್ಷದ ಗಂಡು, ಮತ್ತೆ ಕೆಮ್ಮುತ್ತಿತ್ತು. ಕಿವಿಯಲ್ಲಿ ಹತ್ತಿ.

"ಮಗ್ಗದ ಮನಿ ನೋಡಪಾ, ನೂಲಿನ ಧೂಳಿಗೆ ಕೆಮ್ಮು ಬರೂದ" ಅಂದಳು ಅಕ್ಕ.

"ಧೂಳಿಗೆ ಕಿವಿನೂ ಸೋರ್ತೈತೇನು?"

"ನೀ ಸುಮ್ನಿರೋ, ಅಂಜುಬುರುಕ! ಈ ಸಲ ಜಮಖಂಡಿಗೆ ತೋರಸ್ತೀವಿ. ಮುಧೋಳದವರ ಕೈಗುಣ ಹತ್ಲಿಲ್ಲ."

ಕೈಗುಣ! ನಮ್ಮ ಕಡೆಯ ಬಲು ದೊಡ್ಡ ಸೈನ್ಸು. ಕಿವಿಗೆ ರಬಕವಿ. ಮೊದಲ ನ್ಯುಮೋನಿಯಾಕ್ಕೆ ಮಹಾಲಿಂಗಪುರ, ಎರಡನೆಯದಕ್ಕೆ ಮುಧೋಳ. ಕುರು ಕೊಯ್ಸಿದ್ದು ಬೀಳಗಿಯಲ್ಲಿ (ಬೀಗರ ಊರು, ಊಟಕ್ಕೂ ಆಯಿತು). ಪ್ರತಿ ಡಾಕ್ಟರಿಗೂ ಕೂಸು ಹೊಸದು, ರೋಗ ಮೊದಲನೆಯದು. ಎಲ್ಲರೂ ಗುಣ ಮಾಡಿಯೇ ಕಳಿಸಿದ್ದರು. ಒಟ್ಟು ಲೆಕ್ಕ ಯಾರಿಗೆ ಕಾಣಬೇಕು?

"ಹಳೇ ಚೀಟಿ ಎಲ್ಲಿ ಅದಾವು?"

"ಗುಣಾದಮ್ಯಾಲೆ ಚೀಟಿ ಇಟ್ಕೋಬಾರದೋ. ಜಡ್ಡು ಹೊಳ್ಳಿ ಬರ್ತೈತಿ."

ಹುಡುಕಿದೆ. ಒಂದು ಹಿಟ್ಟಿನ ಡಬ್ಬಿಯ ಕೆಳಗೆ, ಒಂದು ಹಾಸಿಗೆಯ ಅಡಿ, ಇನ್ನೆರಡು ಪರ್ಸಿನ ಮೂಲೆಯಲ್ಲಿ. ಎಲ್ಲಿಗೆ ಹೋದರೂ ಜೊತೆಗಿರುವ ನನ್ನ ಫೈಲು ಖಾಲಿ ಮಾಡಿ ಅವನ್ನು ಹಾಕಿದೆ. ಆ ಫೈಲು ಮೊದಲ ಸಲ ಕೆಲಸಕ್ಕೆ ಬಂತು.

ಜಮಖಂಡಿಯ ಮಕ್ಕಳ ಡಾಕ್ಟರಮ್ಮ ನಾಲ್ಕೂ ಚೀಟಿಗಳನ್ನು ಟೇಬಲ್ ಮೇಲೆ ಸಾಲಾಗಿ ಜೋಡಿಸಿದರು. ಕೂಸಿನ ತೂಕ ನೋಡಿದರು. ಪೆನ್ನು ಕೆಳಗಿಟ್ಟರು. (ಡಾಕ್ಟರು ಪೆನ್ನು ಕೆಳಗಿಟ್ಟರೆ ನಾನು ನನ್ನದೇ ನಾಡಿ ಹಿಡಿದು ನೋಡಿಕೊಳ್ಳುತ್ತೇನೆ.)

"ಇವು ನಾಕು ಬ್ಯಾರೆ ಬ್ಯಾರೆ ಜಡ್ಡು ಅಲ್ಲ ಅನಸ್ತೈತ್ರಿ. ರೋಗದ ಕೂಡ ಬಡದಾಡೋ ಶಕ್ತಿನ ಹುಟ್ಟಿನಿಂದ ಕಡಿಮಿ ಇರಬಹುದು. ರಕ್ತ ತಪಾಸ ಮಾಡಸೂಣು. ಲಗೂನ ಗೊತ್ತಾದ್ರ ದಾರಿ ಐತಿ." ಆಮೇಲೆ ಮೆತ್ತಗೆ ಕೇಳಿದರು: "ಇಂಥಾ ಜಡ್ಡು ಕೆಲವು ಸಲ ತಾಯಿ ಕಡಿಂದ ಗಂಡು ಕೂಸಿಗೆ ಬರ್ತೈತ್ರಿ. ಇದರ ತಾಯಿ ಕಡೆ ಯಾವ್ದರ ಗಂಡು ಕೂಸು ಹಿಂಗ ಮ್ಯಾಲಿಂದ ಮ್ಯಾಲೆ ಜಡ್ಡಾಗಿ ತೀರ್ಕೊಂಡಿತ್ತೇನ್ರಿ?"

ಅಕ್ಕ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

ಅಕ್ಕನಿಗೂ ನನಗೂ ನಡುವೆ ಹುಟ್ಟಿದ ಅಣ್ಣ ಒಬ್ಬನಿದ್ದ. ಜಡ್ಡಿನ ಮೇಲೆ ಜಡ್ಡಾಗಿ ಎರಡು ವರ್ಷ ತುಂಬುವ ಮೊದಲೇ ಹೋದ. ದೃಷ್ಟಿ ತಾಗಿತ್ತು ಅನ್ನುತ್ತಿದ್ದಳು ಅವ್ವ. ಆಮೇಲೆ ಮನೆಯಲ್ಲಿ ಯಾರೂ ಅವನ ಹೆಸರೆತ್ತಲಿಲ್ಲ. ಸೀನಿಗೂ ಹೆದರುವ ನಾನು ಅವನನ್ನು ಒಂದು ದಿನವೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಅಕ್ಕನೇ ಹೆಸರು ಹೇಳಿದಳು. ಡಾಕ್ಟರಮ್ಮ ಬರೆದುಕೊಂಡರು.

ರಿಪೋರ್ಟು ಇನ್ನೂ ಬಂದಿಲ್ಲ. ಫೋನು ಕೆಳಗಿಡಲು ಕೈ ಬರುತ್ತಿಲ್ಲ.

ನಿಮ್ಮ ಮನೆಯಲ್ಲೂ ಯಾರೂ ಹೆಸರೆತ್ತದ ಕೂಸೊಂದು ಇತ್ತೇ?