ನೀರು ಸೋಸುವ ಬಟ್ಟೆ

ಬೆಳಿಗ್ಗೆ ನೀರಿನ ಫಿಲ್ಟರ್ ರಿಪೇರಿಗೆ ಬಂದವನು ಒಳಗಿನ ಕೊಳವೆ ಹೊರತೆಗೆದ. ಹಸಿ ಬಟ್ಟೆಯಂಥ ನಾತ ಬಂತು. ಕೂತಲ್ಲಿಂದಲೇ ನಾನು ತಿಳವಳ್ಳಿಯ ಹಳೆಯ ಮನೆಗೆ, ನೀರಿನ ಹರವಿಯ ಮುಂದಕ್ಕೆ ಹೋಗಿಬಿಟ್ಟೆ.

ನಮ್ಮ ಓಣಿಗೆಲ್ಲ ಒಂದೇ ಮೆಟ್ಟಿಲಬಾವಿ. ಮೊಣಕಾಲುದ್ದ ನೀರಿಗೆ ಇಳಿದೇ ಕೊಡ ತುಂಬಬೇಕು. ಆ ನೀರು ಸೋಸದೆ ಕುಡಿದರೆ ಕಾಲಲ್ಲಿ ನಾರುಹುಣ್ಣು ಏಳುತ್ತದೆಂದು ಸಾಲಿ ಮಾಸ್ತರು ಹೇಳಿದ್ದರು. ಅದಕ್ಕೇ ಅವ್ವ ಹಳೆಯ ಸೀರೆಯ ತುಂಡು ಕೊಟ್ಟು, ಸೋಸುವ ಕೆಲಸ ನನಗೆ ವಹಿಸಿದ್ದಳು. ಸೋಸುತ್ತ ನಿಂತರೆ ಕುಂಟಬಿಲ್ಲೆ ಆಟ ಮುಗಿದಿರುತ್ತಿತ್ತು. ನಾನು ಆಗಲೇ ಲೆಕ್ಕದಲ್ಲಿ ಚುರುಕು. ನೀರನ್ನು ನೇರ ಹರವಿಗೆ ಸುರಿದು, ಬಟ್ಟೆಯನ್ನಷ್ಟೇ ಒದ್ದೆ ಮಾಡಿ ಹಗ್ಗಕ್ಕೆ ಹಾಕುತ್ತಿದ್ದೆ. ಹಸಿ ಬಟ್ಟೆ ಕಂಡರೆ ಅವ್ವನಿಗೆ ಸಮಾಧಾನ.

ಮರುವರ್ಷದ ಬೇಸಿಗೆಯಲ್ಲಿ ಅವ್ವನ ಪಾದದ ಗುಳ್ಳೆ ಒಡೆದು, ಬಿಳಿ ದಾರದಂಥ ಹುಳು ಹೊರಬಂತು. ದಿನಕ್ಕಿಷ್ಟೆಂದು ಕಡ್ಡಿಗೆ ಸುತ್ತಿ ಎಳೆಯುವಾಗ ಆಕೆ ಸೆರಗು ಕಚ್ಚಿಕೊಳ್ಳುತ್ತಿದ್ದಳು.

"ಸೋಸಿದ ನೀರು ಕುಡದ್ರೂ ಹ್ಯಾಂಗ ಬಂತು, ಯವ್ವಾ?" ಎಂದಳು ಅಕ್ಕ.

"ನಂದ ತಪ್ಪು. ಸೋಸೂ ಅರಿವಿ ಜಾಳಾಗಿತ್ತು, ನಾ ನೋಡಲಿಲ್ಲ. ಪಾಪ, ಈಕಿ ಒಂದಿನಾನೂ ತಪ್ಪಿಸಿಲ್ಲ."

ಕುಂಟುತ್ತ ಹೋಗಿ ಟ್ರಂಕಿನಿಂದ ತನ್ನ ಮದುವೆಯ ಸೀರೆ ತಂದಳು. "ಇದರ ನೇಯ್ಗಿ ಬಿಗಿ ಐತಿ. ಆ ತುದಿ ಹಿಡಿ, ಹರಿಯೂಣು."

ಹಿಡಿದೆ. ಆಕೆ ಹರಿದಳು.

ಮುಂದೆ ಅಂಗಡಿ ಇಟ್ಟು, ಮಾತಿನಲ್ಲೇ ಎಂಥೆಂಥ ವ್ಯಾಪಾರಿಗಳನ್ನು ಸೋಲಿಸಿದೆ. ಅವತ್ತು ಮಾತ್ರ ನನಗೆ ಬಾಯಿ ಬರಲಿಲ್ಲ. ಇವತ್ತು ಬರೆಯುತ್ತಿದ್ದೇನೆ, ಅದೂ ಅವ್ವ ಓದಲಾರಳೆಂಬ ಧೈರ್ಯದಿಂದ.