ಮಾವನವರ ಪರೀಕ್ಷೆ

ನಾಳೆ ನಮ್ಮ ಯಜಮಾನರನ್ನು ನರರೋಗದ ಡಾಕ್ಟರಿಗೆ ತೋರಿಸಬೇಕು. ಇತ್ತೀಚೆಗೆ ಮರೆವು ಹೆಚ್ಚಾಗಿದೆ. ಅವರ ರಿಪೋರ್ಟಿಗಾಗಿ ಬೀರು ತಡಕಾಡಿದರೆ ಸಿಕ್ಕಿದ್ದು ಅವರಪ್ಪನ ತಲೆಯ ಸ್ಕ್ಯಾನ್ ಫಿಲ್ಮು. ಕಿಟಕಿಯ ಬೆಳಕಿಗೆ ಹಿಡಿದೆ. ನನಗೇನು ಅರ್ಥವಾಗುತ್ತದೆ, ಮಣ್ಣು. ಆದರೂ ನೋಡಿದೆ.

ಎಂಬತ್ತರ ದಶಕದ ಮಾತು. ಜಯನಗರದ ನಮ್ಮ ಮನೆಯಲ್ಲಿ ಮಾವನವರು ನಿವೃತ್ತ ಲೆಕ್ಕದ ಮೇಷ್ಟ್ರು. ನಾನು ಸಾರಿಗೆ ಉಪ್ಪು ಮರೆತರೆ ‘ಹತ್ತಕ್ಕೆ ಒಂಬತ್ತು’ ಎಂದು ಮಾರ್ಕು ಕೊಟ್ಟು, ಮತ್ತೆ ಬಡಿಸಿಕೊಳ್ಳುವಂಥವರು. ಸಂಜೆ ಐದಕ್ಕೆ ಕೊಡೆ ಹಿಡಿದು ಸಾರಕ್ಕಿಯವರೆಗೆ ನಡೆದು ಬರಲೇಬೇಕು. ಒಂದು ದಿನ ದಾರಿ ತಪ್ಪಿದರು. ಸೊಪ್ಪು ಮಾರುವ ಹೆಂಗಸು ಕೈಹಿಡಿದು ಮನೆಗೆ ಕರೆತಂದು ಬಿಟ್ಟಳು.

“ಇನ್ಮೇಲೆ ವಾಕಿಂಗ್ ಬೇಡ. ಡಾಕ್ಟ್ರು ಪರವಾಗಿಲ್ಲ ಅಂದ್ರೆ ನೋಡೋಣ,” ಎಂದರು ಯಜಮಾನರು. ಮಾವ ಅಂದು ಊಟ ಮಾಡಲಿಲ್ಲ.

ನನಗೆ ಸಂಕಟವಾಯಿತು. ಡಾಕ್ಟರು ಏನೇನು ಕೇಳುತ್ತಾರೆಂದು ಪಕ್ಕದ ಮನೆಯಲ್ಲಿ ವಿಚಾರಿಸಿಕೊಂಡು ಬಂದು ಗುಟ್ಟಾಗಿ ಕೋಚಿಂಗ್ ಶುರುಮಾಡಿದೆ. ಡಾಕ್ಟರ ಹತ್ತಿರ ಹೋಗಬೇಕಿದ್ದದ್ದು ಬುಧವಾರ, ಆದ್ದರಿಂದ ವಾರ ಬುಧವಾರ, ತಿಂಗಳು ಇಂಥದು, ಪ್ರಧಾನಮಂತ್ರಿ ಇಂಥವರು. ನೂರರಿಂದ ಏಳೇಳು ಕಳೆಯುವುದನ್ನು ಮಾತ್ರ ಅವರೇ ನನಗೆ ಕಲಿಸಿದರು. ಪರೀಕ್ಷೆಯಲ್ಲಿ ಪಕ್ಕಕ್ಕೆ ತಿರುಗಿದ ಹುಡುಗನನ್ನು ಹೊರಗೆ ಕಳಿಸುತ್ತಿದ್ದ ಮನುಷ್ಯ ನನ್ನೆದುರು ಕೈಕಟ್ಟಿ ಕೂತು ಬಾಯಿಪಾಠ ಮಾಡಿದರು.

ನಮ್ಮ ಗ್ರಹಚಾರ, ಡಾಕ್ಟರು ಬುಧವಾರ ಬರಲೇ ಇಲ್ಲ. ಗುರುವಾರ ಹೋದೆವು.

“ಇವತ್ತು ಯಾವ ವಾರ ಸಾರ್?”

“ಬುಧವಾರ,” ಎಂದರು ಮಾವ, ಎದೆ ಸೆಟೆಸಿ.

ಡಾಕ್ಟರು ನನ್ನ ಕಡೆ ನೋಡಿದರು. “ನೀವು ಹೇಳ್ಕೊಟ್ರಾ ಮೇಡಂ?”

ನಾಚಿಕೆಯಿಂದ ಕುಗ್ಗಿಹೋದೆ. ಮಾವನೇ ಬಾಯಿ ಹಾಕಿದರು. “ಅವಳನ್ನ ಏನೂ ಅನ್ಬೇಡಿ. ಹುಡುಗಿ ಚೆನ್ನಾಗೇ ಹೇಳ್ಕೊಟ್ಳು. ನಾನೇ ಸರಿಯಾಗಿ ಓದ್ಲಿಲ್ಲ.”

ಆಮೇಲೆ ಸ್ಕ್ಯಾನು. ಮಿದುಳಿನ ಒಂದು ಭಾಗದ ಸುದ್ದಿಯನ್ನು ಇನ್ನೊಂದಕ್ಕೆ ಮುಟ್ಟಿಸುವ ಬಿಳಿಯ ಎಳೆಗಳು ಅಲ್ಲಲ್ಲಿ ಸವೆದಿವೆ ಎಂದು ಡಾಕ್ಟರು ಫಿಲ್ಮಿನಲ್ಲಿ ತೋರಿಸಿದರು. “ಉತ್ತರ ಬರೋಕೆ ಹೊತ್ತು ಹಿಡಿಯುತ್ತೆ. ಗಾಬರಿ ಮಾಡಿದ್ರೆ ಇರೋದೂ ಸಿಗಲ್ಲ.”

ವಾಕಿಂಗ್ ನಿಲ್ಲಲಿಲ್ಲ, ದಿನಾ ಸಂಜೆ ನಾನೇ ಜೊತೆಗೆ ಹೋದೆ. ಕೊನೆಕೊನೆಗೆ ನಾನು ಯಾರೆಂಬುದೇ ಮರೆತು, “ನೀವು ಯಾವ ಸ್ಕೂಲಲ್ಲಿ ಟೀಚರ್ರಮ್ಮ?” ಎಂದು ಕೇಳುತ್ತಿದ್ದರು. ನಕ್ಕದ್ದೂ ಉಂಟು, ಮನೆಗೆ ಬಂದು ಅತ್ತದ್ದೂ ಉಂಟು.

ಇಷ್ಟಾದರೂ ನನಗೆ ಬುದ್ಧಿ ಬಂತೇ, ನೋಡಿ. ಇವತ್ತು ಬೆಳಿಗ್ಗೆ ಕಾಫಿ ಕೊಡುತ್ತ ಯಜಮಾನರನ್ನು, “ಇವತ್ತು ಯಾವ ವಾರ ಹೇಳಿ?” ಎಂದು ಕೇಳಿಬಿಟ್ಟಿದ್ದೆ. ಅವರ ಮುಖ ಪೆಚ್ಚಾಗಿತ್ತು. ಈಗ ಫಿಲ್ಮನ್ನು ಒಳಗಿಟ್ಟು ಅವರ ಪಕ್ಕದಲ್ಲಿ ಹೋಗಿ ಕೂತೆ.

“ನಾಳೆ ಗೊತ್ತಿಲ್ಲದ್ದು ಕೇಳಿದ್ರೆ ಗೊತ್ತಿಲ್ಲ ಅನ್ನಿ. ನಾನು ಜೊತೆಗೇ ಇರ್ತೀನಿ.”

“ಸದ್ಯ,” ಎಂದರು. ಜೇಬಿನಿಂದ ಮಡಿಸಿದ ಚೀಟಿಯೊಂದನ್ನು ತೆಗೆದು ನನ್ನ ಕೈಗಿಟ್ಟರು. ವಾರ, ತಿಂಗಳು, ವರ್ಷ ಬರೆದುಕೊಂಡಿದ್ದರು. ಕೆಳಗೆ ನನ್ನ ಹೆಸರು.