ಸೆಲ್ವಿಯ ಹಿಂದೆ ಯಾರೂ ಓಡಲಿಲ್ಲ

ಆ ಕಾಲದಲ್ಲಿ ಭದ್ರಾವತಿಯ ಮಕ್ಕಳಾದ ನಮ್ಮ ಮೈ-ಬಟ್ಟೆಗೆಲ್ಲ ಕಾರ್ಖಾನೆಯ ಹೊಗೆಯದೇ ವಾಸನೆ. ಕ್ವಾರ್ಟರ್ಸ್ ಮೈದಾನದಲ್ಲಿ ಕತ್ತಲಾಗುವವರೆಗೂ ಖೊ-ಖೊ. ನನ್ನ ಗೆಳತಿ ಸೆಲ್ವಿಯನ್ನು ಮುಟ್ಟಿದವರಿಲ್ಲ. ಎಡ ಭುಜ ಬಾಗಿಸುವಳು. ಅಟ್ಟಿಸಿಕೊಂಡು ಬಂದವಳು ಎಡಕ್ಕೆ ಹಾರಿ ಮಣ್ಣು ಮುಕ್ಕುವ ಹೊತ್ತಿಗೆ ಇವಳು ಬಲಗಡೆ ನಿಂತು ನಗುತ್ತಿರುವಳು. ಹಾಗೆ ಮಣ್ಣು ಮುಕ್ಕಿದವರಲ್ಲಿ ನನ್ನದೇ ಮೊದಲ ಸ್ಥಾನ.

ಏಳನೇ ಕ್ಲಾಸು ಮುಗಿದ ಬೇಸಿಗೆಯಲ್ಲಿ ಶಿವಮೊಗ್ಗದಲ್ಲಿ ಕ್ರೀಡಾ ಹಾಸ್ಟೆಲಿನ ಖೊ-ಖೊಗೆ ಆಯ್ಕೆ ನಡೆಯಿತು; ನಾವಿಬ್ಬರೂ ಹೊರಟೆವು. ಸೀಟು ಸಿಕ್ಕರೆ ಓದು, ಇಲ್ಲದಿದ್ದರೆ ಮನೆಯಲ್ಲಿ ತಮ್ಮಂದಿರನ್ನು ನೋಡಿಕೊಂಡಿರು ಎಂದು ಸೆಲ್ವಿಯ ಅಪ್ಪ ಹೇಳಿಬಿಟ್ಟಿದ್ದರು. ಆದರೂ ಅವಳು ಬಸ್ಸಿನಲ್ಲಿ ಆರಾಮಾಗಿ ನನ್ನ ಪಾಲಿನ ಚಿತ್ರಾನ್ನವನ್ನೂ ತಿಂದಳು. ದಾರಿಯುದ್ದಕ್ಕೂ ಕೇಳುತ್ತಲೇ ಇದ್ದವಳು ನಾನು. ಬಸ್ಸು ಕೆಟ್ಟರೆ? ಕಾಲು ಉಳುಕಿದರೆ?

"ಸುಮ್ನಿರೇ ಮಾರಾಯ್ತಿ, ನಿನ್ ಚಿಂತೆ ನೋಡಿ ನಂಗೇ ಸುಸ್ತಾಗ್ತಿದೆ."

ಅಲ್ಲಿ ಆಟ ಆಡಿಸಲೇ ಇಲ್ಲ. ಸಾಲಾಗಿ ಬಾವುಟ ನೆಟ್ಟಿದ್ದರು. ಒಬ್ಬೊಬ್ಬರೇ ಅವುಗಳ ನಡುವೆ ಅಂಕುಡೊಂಕಾಗಿ ಓಡಬೇಕು. ಚುರುಕುತನದ ಪರೀಕ್ಷೆಯಂತೆ! ಸ್ಟಾಪ್‌ವಾಚ್ ಹಿಡಿದ ಸಾಹೇಬರು ಕುರ್ಚಿಯಿಂದ ಏಳಲೂ ಇಲ್ಲ. ನಾನು ಹೆದರಿದ ಕೋಳಿಯಂತೆ ಓಡಿ ಮುಗಿಸಿದೆ. ಸೆಲ್ವಿ ಮಾತ್ರ ರೂಢಿಯಂತೆ ಪ್ರತಿ ಬಾವುಟದ ಬಳಿಯೂ ಒಂದು ಭುಜ ಬಾಗಿಸಿ, ಆಮೇಲೆ ಇನ್ನೊಂದು ಕಡೆಗೆ ತಿರುಗಿದಳು. ಪ್ರತಿ ಸಲವೂ ಒಂದಿಷ್ಟು ಹೊತ್ತು ಹೋಯಿತು.

"ಏನಮ್ಮಾ, ಡ್ಯಾನ್ಸ್ ಮಾಡೋಕೆ ಬಂದಿದ್ಯಾ?" ಎಂದರು ಸಾಹೇಬರು.

"ಹಿಂದೆ ಯಾರನ್ನಾದ್ರೂ ಬಿಡಿ ಸಾರ್, ಆಮೇಲ್ ನೋಡಿ."

"ನಂಗೇ ಹೇಳ್ಕೊಡ್ತೀಯಾ? ನೆಕ್ಸ್ಟ್!"

ಸೀಟು ನನಗೆ ಸಿಕ್ಕಿತು. ಅವಳ ಲಂಗದ ಅಂಚನ್ನೂ ಮುಟ್ಟಲಾಗದ ನನಗೆ!

ವಾಪಸು ಬರುವಾಗ ಸೆಲ್ವಿ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು. ಊರು ಹತ್ತಿರವಾದಾಗ ಕೇಳಿದಳು: "ಬಾವುಟ ಯಾವತ್ತಾದ್ರೂ ಅಟ್ಟಿಸ್ಕೊಂಡು ಬರುತ್ತೇನೇ?"

ಹಾಸ್ಟೆಲಿನ ಮೊದಲ ಪಂದ್ಯದಲ್ಲಿ ನಾನು ಅಂಕಣಕ್ಕೆ ಇಳಿಯುವಷ್ಟರಲ್ಲೇ ಔಟು. ಸೆಲ್ವಿ ಆ ಜೂನಿನಲ್ಲಿ ಶಾಲೆಗೆ ಹೋಗಲಿಲ್ಲ. ಆಮೇಲೆ ಆಡಲೂ ಇಲ್ಲ.

ಈಗ ಮಗಳನ್ನು ಅದೇ ಶಿವಮೊಗ್ಗದ ಮೈದಾನಕ್ಕೆ ಕರೆದೊಯ್ಯುತ್ತೇನೆ, ಮೂರು ನೀರಿನ ಬಾಟಲಿ, ಎರಡು ಮುಲಾಮುಗಳ ಸಮೇತ. ಬಾವುಟದ ಜಾಗದಲ್ಲಿ ಬಣ್ಣದ ಪ್ಲಾಸ್ಟಿಕ್ ಕೋನುಗಳು ಬಂದಿವೆ. ಮಕ್ಕಳು ಈಗಲೂ ಒಬ್ಬೊಬ್ಬರೇ ಓಡುತ್ತಾರೆ. ನಮ್ಮ ಕ್ವಾರ್ಟರ್ಸ್ ಮೈದಾನದ ತುಂಬ ಜಾಲಿ ಮುಳ್ಳು. ಸಾಹೇಬರ ಆ ಕುರ್ಚಿ ನೆನಪಾದರೆ ಇವತ್ತಿಗೂ ಮೈ ಉರಿಯುತ್ತದೆ. ಒಬ್ಬಳೇ ಒಬ್ಬ ಹುಡುಗಿಯನ್ನು ಸೆಲ್ವಿಯ ಹಿಂದೆ ಅಟ್ಟಿದ್ದರೆ ಸಾಕಿತ್ತು. ನಾನೇ ಅಲ್ಲಿದ್ದೆನಲ್ಲ, ಮಣ್ಣು ಮುಕ್ಕಲು ತಯಾರಾಗಿ.